ಇಳಿಯದೇ ದಾಟಿದ ಕಣಿವೆ

ಕರ್ಜತ್ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ನಿಲ್ಲುವುದು ನಮಗಾಗಿ ಅಲ್ಲ, ಎಂಜಿನ್ನಿಗಾಗಿ. ಮುಂದೆ ಬೋರ್ ಘಾಟ್. ಅಷ್ಟು ಡಬ್ಬಿಗಳನ್ನು ಲೋಣಾವಳದವರೆಗೆ ಒಂದೇ ಎಂಜಿನ್ ಎಳೆಯುವುದು ಆಗದ ಮಾತು. ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್ ಕೂಡಿಸುತ್ತಾರೆ. ಡಬ್ಬಿಗೆ ಸಣ್ಣದೊಂದು ಧಕ್ಕೆ ತಾಗಿದರೆ ಕೂಡಿಸಿ ಆಯಿತು ಎಂದು ಅರ್ಥ. ಆ ಹೊತ್ತಿನೊಳಗೆ ಪ್ಲಾಟ್‌ಫಾರ್ಮಿಗೆ ಹಾರಿ, ದಿವಾಡ್ಕರ್ ವಡಾಪಾವ್ ಕೊಂಡು, ಚಿಲ್ಲರೆ ಎಣಿಸದೇ ಮತ್ತೆ ಹತ್ತಿಕೊಳ್ಳಬೇಕು. ಥಾಣೆಯ ನೌಪಾಡಾದಲ್ಲಿ ಸಂಸಾರ ಹೂಡಿದ ಇಪ್ಪತ್ತೆಂಟು ವರ್ಷಗಳಲ್ಲಿ ಕಲಬುರಗಿಗೆ ಹೋಗುವಾಗಲೆಲ್ಲ ನಾನು ಮಾಡಿದ್ದು ಇಷ್ಟೇ. ಕಿಟಕಿಯಾಚೆ ಹಸಿರು ಗದ್ದೆ, ಅದರ ಹಿಂದೆ ಗೋಡೆ ಕಟ್ಟಿದಂಥ ಸಹ್ಯಾದ್ರಿ, ನಡುವೆ ಅಲ್ಲಲ್ಲಿ ಮಿಂಚುವ ಒಂದು ಹೊಳೆ. ಚೆಂದ ಅನ್ನಿಸುತ್ತಿತ್ತು. ಇಳಿಯಬೇಕು ಅನ್ನಿಸಿರಲಿಲ್ಲ.

ಇಳಿಸಿದವನು ಅಕ್ಕನ ಮಗ. ಅವನಿರುವುದು ಫ್ರಾನ್ಸಿನ ತುಲೂಸ್‌ನಲ್ಲಿ. ರಜೆ ಬಂದರೆ ಅಲ್ಲಿಂದ ಉತ್ತರಕ್ಕೆ ದೊರ್ದೋನ್ ನದಿಯ ಕಣಿವೆಗೆ ಹೋಗುತ್ತಾನೆ. ‘ಮಾಮಾ, ಬಾ’ ಎಂದು ವರ್ಷವೂ ಕರೆಯುತ್ತಾನೆ. ಏನಿದೆಯೋ ಅಲ್ಲಿ ಎಂದರೆ, ಏನೂ ಇಲ್ಲ ಅನ್ನುತ್ತಾನೆ. ಹಳ್ಳಿಯ ಒಂದು ಹಳೇ ಮನೆ ವಾರಕ್ಕೆ ಬಾಡಿಗೆಗೆ ಹಿಡಿಯುವುದು. ಹೊಳೆಯಲ್ಲಿ ಸಣ್ಣ ದೋಣಿ ಹುಟ್ಟು ಹಾಕುತ್ತ ಹೋಗುವುದು. ಬೆನಾಕ್, ಕಾಸ್ತೆಲ್ನೋ ಎಂಬ ಎರಡು ಕೋಟೆಗಳು ನದಿಯ ಎರಡು ದಡದಲ್ಲಿ ಎದುರುಬದುರು ನಿಂತಿವೆ, ಅವನ್ನು ಕೆಳಗಿನಿಂದ ನೋಡುವುದು. ಸಾರ್ಲಾ ಎಂಬ ಊರಿನ ಶನಿವಾರದ ಸಂತೆ. ಹತ್ತಿರದ ಉಪನದಿಯ ಕಣಿವೆಯಲ್ಲಿ ಲಾಸ್ಕೋ ಗುಹೆ; 1940ರಲ್ಲಿ ಊರ ಹುಡುಗರು ಕಂಡುಹಿಡಿದ ಆದಿಮಾನವನ ಚಿತ್ರಗಳು ಅಲ್ಲಿವೆ. ನೋಡಬಂದ ಜನರ ಉಸಿರಿನಿಂದಲೇ ಚಿತ್ರ ಕೆಡಲು ಶುರುವಾಗಿ 1963ರಲ್ಲಿ ಬಾಗಿಲು ಹಾಕಿದರು. ಈಗ ತೋರಿಸುವುದು ಪಕ್ಕದಲ್ಲೇ ಕಟ್ಟಿದ ಪ್ರತಿಕೃತಿಯನ್ನು. ಪ್ರಬಂಧ ಎಂಬ ಬರವಣಿಗೆಗೆ ಹೆಸರಿಟ್ಟ ಮಾಂಟೇನ್ ಕೂತು ಬರೆದ ಗೋಪುರವೂ ಅದೇ ಸೀಮೆಯಲ್ಲಿದೆಯಂತೆ. ಇದೊಂದಕ್ಕೆ ಮಾತ್ರ ನನಗೆ ಆಸೆಯಾಯಿತು. ವೀಸಾ, ವಿಮಾನದ ಲೆಕ್ಕ ಹಾಕಿದ ಮೇಲೆ ಅದೂ ಇಳಿಯಿತು.

ಆದರೆ ಅವನು ಹೇಳಿದ ಪಟ್ಟಿ ತಲೆಯಲ್ಲಿ ಉಳಿಯಿತು. ಹೊಳೆ, ಕೋಟೆ, ಗುಹೆ, ಸಂತೆ, ಹಳ್ಳಿಮನೆ. ಇದೆಲ್ಲ ಥಾಣೆಯಿಂದ ಲೋಕಲ್ ಹಿಡಿದರೆ ಒಂದೂವರೆ ಗಂಟೆಯ ದಾರಿಯಲ್ಲಿ ಇದೆಯಲ್ಲ! ಆ ಹೊಳೆಯ ಹೆಸರು ಉಲ್ಹಾಸ.

ಉಲ್ಹಾಸ ಹುಟ್ಟುವುದು ಖಂಡಾಳಾ–ರಾಜಮಾಚಿ ಕಡೆಯ ಬೆಟ್ಟಸಾಲಿನಲ್ಲಿ. ಅಲ್ಲಿಂದ ಕರ್ಜತ್‌ಗೆ ಇಳಿದು, ಉತ್ತರಕ್ಕೆ ತಿರುಗಿ, ನೇರಳ್, ವಾಂಗಣಿ, ಬದ್ಲಾಪುರ ದಾಟಿ ಕಲ್ಯಾಣದ ದುರ್ಗಾಡಿ ಕೋಟೆಯ ಕೆಳಗೆ ಖಾರಿಯಾಗಿ, ಘೋಡ್‌ಬಂದರ್ ಬದಿಯಿಂದ ವಸಯಿಯಲ್ಲಿ ಸಮುದ್ರ ಸೇರುತ್ತದೆ. ಒಟ್ಟು ಸುಮಾರು 120 ಕಿಲೋಮೀಟರ್. ಸೆಂಟ್ರಲ್ ರೈಲ್ವೆಯ ಕರ್ಜತ್ ಲೈನು ಇದೇ ಹೊಳೆಯ ಪಕ್ಕದಲ್ಲಿ ಮೇಲಕ್ಕೆ ಹತ್ತುತ್ತದೆ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಥಾಣೆಗೆ ಬಂದು ನಿಂತಿತು ಎನ್ನುವುದು ಶಾಲೆಯ ಮಕ್ಕಳಿಗೂ ಗೊತ್ತು. ಮರುವರ್ಷ ಕಲ್ಯಾಣ, 1856ರ ಹೊತ್ತಿಗೆ ಖೋಪೋಲಿ. ಅದರಾಚೆ ಘಟ್ಟ.

ಕಲ್ಯಾಣ ದಾಟಿದ ಮೇಲೆ ಎಡಗಡೆಯ ಕಿಟಕಿ ಹಿಡಿಯಿರಿ, ಹೊಳೆ ಆ ಕಡೆಗೆ. ಬಲಗಡೆಗೆ ಮಲಂಗಗಡ, ಆಮೇಲೆ ಮಾಥೇರಾನ್ ಸಾಲು. ಸಾಧ್ಯವಾದರೆ ಶನಿವಾರ ಹೊರಡಿ. ಭಾನುವಾರ ಹಳಿ ದುರಸ್ತಿಯ ಮೆಗಾ ಬ್ಲಾಕ್ ಇದ್ದರೆ ಥಾಣೆಯ ಪ್ಲಾಟ್‌ಫಾರ್ಮಿನಲ್ಲೇ ಅರ್ಧ ರಜೆ ಮುಗಿದಿರುತ್ತದೆ. ಹೊರಡುವ ಮೊದಲು ತಹಶೀಲ್ದಾರ್ ಕಚೇರಿ ಹತ್ತಿರದ ಮಾಮಲೇದಾರ್ ಮಿಸಳ್ ತಿನ್ನುವ ಹುಮ್ಮಸ್ಸಿದ್ದರೆ ತಿನ್ನಿ, ನೀರಿನ ಬಾಟಲಿ ಮಾತ್ರ ದೊಡ್ಡದು ತೆಗೆದುಕೊಳ್ಳಿ. ಆ ಮಿಸಳ್ ಅಂಗಡಿ ನಡೆಸಿಕೊಂಡು ಬಂದ ಮನೆತನದ ಅಡ್ಡಹೆಸರು ಮುರ್ಡೇಶ್ವರ. ಆ ಹೆಸರಿನ ಊರು ಎಲ್ಲಿದೆ ಎಂದು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ.

ಮೊದಲು ಇಳಿಯಬೇಕಾದದ್ದು ಅಂಬರನಾಥದಲ್ಲಿ. ಪೂರ್ವ ಭಾಗದಲ್ಲಿ ರಿಕ್ಷಾ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಶಿವಾಲಯ. ಶಾಸನದ ಪ್ರಕಾರ ಶಕ 982, ಅಂದರೆ ಕ್ರಿ.ಶ. 1060. ಕಟ್ಟಿದವರು ಉತ್ತರ ಕೊಂಕಣದ ಶಿಲಾಹಾರರು. ಮುಗಿಸಿದವನು ಮುಮ್ಮುಣಿ ರಾಜ. ಕಪ್ಪುಕಲ್ಲಿನ ಹೊರಮೈಯಲ್ಲಿ ಬೆರಳಿಡಲು ಜಾಗವಿಲ್ಲದಷ್ಟು ಕೆತ್ತನೆ. ಮಳೆಗಾಲ ಸವೆಸಿದ ಮುಖಗಳು, ಆದರೂ ಒಬ್ಬೊಬ್ಬರ ನಿಲುವಿನ ಬಳುಕು ಹಾಗೇ ಉಳಿದಿದೆ. ಗರ್ಭಗುಡಿಗೆ ಹತ್ತುವುದಿಲ್ಲ, ಮೆಟ್ಟಿಲಿಳಿದು ನೆಲದ ಮಟ್ಟಕ್ಕಿಂತ ಕೆಳಗೆ ಹೋಗಬೇಕು. ಬಾವಿಗಿಳಿದಂತೆ ತಣ್ಣಗಾಗುತ್ತದೆ.

ಈ ಶಿಲಾಹಾರರ ರಾಜಧಾನಿ ನಮ್ಮ ಥಾಣೆಯೇ, ಆಗಿನ ಸ್ಥಾನಕ. ಮೊದಲಿಗೆ ಅವರು ರಾಷ್ಟ್ರಕೂಟರ ಸಾಮಂತರು. ಯೇವೂರು ಬೆಟ್ಟದ ಆಚೆಗಿರುವ ಕಾನ್ಹೇರಿ ಗುಹೆಗಳಲ್ಲಿ ಒಂಬತ್ತನೇ ಶತಮಾನದ ಅವರ ಕಾಲದ ಶಾಸನಗಳಿವೆ. ಅವುಗಳಲ್ಲಿ ಒಡೆಯನೆಂದು ಹೇಳಿರುವುದು ಅಮೋಘವರ್ಷನನ್ನು. ನಮ್ಮ ಜಿಲ್ಲೆಯ ಮಳಖೇಡದಲ್ಲಿ ಕೂತಿದ್ದ ನೃಪತುಂಗನ ಹೆಸರು ಬೊರಿವಲಿ–ಥಾಣೆ ನಡುವಿನ ಕಾಡಿನ ಕಲ್ಲಿನ ಮೇಲೆ! ಗೊತ್ತಾದ ದಿನ ನನಗೆ ಸ್ವಲ್ಪ ಬಾಡಿಗೆದಾರನ ಭಾವ ಕಡಿಮೆಯಾಯಿತು. ಅಂಬರನಾಥ ಗುಡಿ ಕಟ್ಟುವ ಹೊತ್ತಿಗೆ ರಾಷ್ಟ್ರಕೂಟರು ಮುಗಿದುಹೋಗಿ ಶತಮಾನವಾಗುತ್ತ ಬಂದಿತ್ತು, ಅದು ಬೇರೆ.

ಗುಡಿಯ ಪಕ್ಕದಲ್ಲಿ ಹರಿಯುವುದು ವಾಲಧುನಿ, ಉಲ್ಹಾಸದ ಕಡೆಗೆ ಹೋಗುವ ತೊರೆ. ಮೂಗು ಮುಚ್ಚಿಕೊಳ್ಳಬೇಕು. ಕಾರ್ಖಾನೆಗಳ ಕೊಳೆ, ಊರಿನ ಕೊಚ್ಚೆ ಎರಡೂ ಸೇರಿ ಅದರ ಬಣ್ಣವೇ ಹೋಗಿದೆ. ಸಾವಿರ ವರ್ಷದ ಕಲ್ಲಿನ ಕೆಲಸ ನೋಡಿ ಹೊರಬಂದವರಿಗೆ ಇದು ಕಪಾಳಕ್ಕೆ ಹೊಡೆದ ಹಾಗೆ. ದೊರ್ದೋನ್‌ನ ಚಿತ್ರಗಳನ್ನು ನೋಡುವಾಗ ನನಗೆ ಹೊಟ್ಟೆಕಿಚ್ಚಾಗುವುದು ಕೋಟೆ ನೋಡಿ ಅಲ್ಲ, ತಳ ಕಾಣುವ ನೀರು ನೋಡಿ.

ಬದ್ಲಾಪುರದಿಂದ ಮುಂದೆ ಕಣಿವೆ ನಿಜವಾಗಿ ತೆರೆದುಕೊಳ್ಳುತ್ತದೆ. ಕಟ್ಟಡಗಳು ವಾಂಗಣಿಯವರೆಗೂ ಬೆನ್ನಟ್ಟಿ ಬರುತ್ತಿವೆ, ಆದರೂ ನಡುನಡುವೆ ಭತ್ತದ ಗದ್ದೆಗಳು ಉಸಿರಾಡುತ್ತವೆ. ಕರ್ಜತ್‌ನಲ್ಲಿ ಭತ್ತದ ಸಂಶೋಧನಾ ಕೇಂದ್ರವಿದೆ. ಊರಿನ ಹೆಸರೇ ತಳಿಗೂ ಬಂದು ‘ಕರ್ಜತ್–3’ ಎಂದು ಬೀಜದ ಚೀಲದ ಮೇಲೆ ಅಚ್ಚಾಗುತ್ತದೆ. ಮೇ ತಿಂಗಳಲ್ಲಿ ಈ ಸ್ಟೇಷನ್ನುಗಳೇ ಸಂತೆ. ಠಾಕರ್, ಕಾತಕರಿ ಹೆಂಗಸರು ಬುಟ್ಟಿ ತುಂಬ ನೇರಳೆ ಹಣ್ಣು ಮತ್ತು ಕರವಂದ ತರುತ್ತಾರೆ. ಎಲೆಯ ದೊನ್ನೆಯಲ್ಲಿ ಅಳೆದು ಕೊಡುವ ಕರವಂದಕ್ಕೆ ಮರಾಠಿಯಲ್ಲಿ ‘ಡೊಂಗರಾಚಿ ಕಾಳಿ ಮೈನಾ’ ಎಂದು ಕೂಗುವ ರೂಢಿ, ಬೆಟ್ಟದ ಕರಿ ಮೈನಾ ಹಕ್ಕಿ. ನಮ್ಮ ಕಟ್ಟಡದ ಕರಾವಳಿಯ ಶೆಟ್ಟರ ಮನೆಯವರು ಅದನ್ನು ಕಂಡರೆ ‘ಕರಂಡೆ!’ ಎಂದು ಕಿರುಚುತ್ತಾರೆ. ಅವರಿಗೆ ಅದು ಉಪ್ಪಿನಕಾಯಿ, ನನಗೆ ಹೊಸ ಹಣ್ಣು. ಕಾತಕರಿ ಎಂಬ ಹೆಸರು ಬಂದದ್ದು ಕಾಥ್‌ನಿಂದ, ಅಂದರೆ ಎಲೆ ಅಡಿಕೆಗೆ ಹಾಕುವ ಕಾಚಿನಿಂದ. ಖೈರದ ಮರದಿಂದ ಕಾಚು ಕುದಿಸಿ ತೆಗೆಯುವುದು ಅವರ ಕಸುಬಾಗಿತ್ತು. ಕಾಡು ಕೈತಪ್ಪಿದ ಮೇಲೆ ಇಟ್ಟಿಗೆ ಭಟ್ಟಿ, ಕೂಲಿ. ಚೌಕಾಸಿ ಮಾಡುವ ಮುನ್ನ ಇದು ನೆನಪಿದ್ದರೆ ಒಳ್ಳೆಯದು.

ಮಳೆಗಾಲದಲ್ಲಿ ಇದೇ ಕಣಿವೆ ಇನ್ನೊಂದು. ಕೊಂಡೇಶ್ವರ, ಭಿವಪುರಿ ಎಂದು ಜಲಪಾತಗಳಿಗೆ ಹುಡುಗರ ದಂಡು ಹೊರಡುತ್ತದೆ, ಪ್ರತಿ ವರ್ಷ ಯಾರಾದರೂ ಮುಳುಗಿ ಸಾಯುತ್ತಾರೆ. ಅದಕ್ಕೇ ಜಿಲ್ಲಾಡಳಿತ ಎಷ್ಟೋ ಜಲಪಾತಗಳಿಗೆ ಆ ತಿಂಗಳುಗಳಲ್ಲಿ ನಿಷೇಧ ಹಾಕುತ್ತದೆ. ಹೊಳೆಯ ಸಿಟ್ಟು ಎಷ್ಟು ಎಂದು ತಿಳಿಯಬೇಕಾದರೆ 2019ರ ಜುಲೈ 27 ನೆನೆಯಿರಿ. ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ–ವಾಂಗಣಿ ನಡುವೆ ಉಲ್ಹಾಸದ ನೆರೆಯಲ್ಲಿ ಸಿಕ್ಕಿಕೊಂಡು, ಸುತ್ತ ಕಣ್ಣು ಹಾಯುವಷ್ಟೂ ನೀರು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಎನ್‌ಡಿಆರ್‌ಎಫ್ ಮತ್ತು ನೌಕಾಪಡೆಯವರು ದೋಣಿಗಳಲ್ಲಿ ಇಳಿಸಿಕೊಂಡರು. ಒಂದು ಜೀವವೂ ಹೋಗಲಿಲ್ಲ. ಉಲ್ಹಾಸದಲ್ಲಿ ದೋಣಿ ವಿಹಾರ ಯಾಕಿಲ್ಲ ಎಂದು ಕೇಳಿದ ಅಳಿಯನಿಗೆ ನಾನು ಆ ದಿನದ ಫೋಟೊ ಕಳಿಸಿದೆ.

ನೇರಳ್. ಕನ್ನಡದ ಕಿವಿಗೆ ಈ ಸ್ಟೇಷನ್ನಿನ ಹೆಸರೇ ಹಣ್ಣು. ಇಲ್ಲಿಂದ ಮಾಥೇರಾನ್‌ಗೆ ಎರಡು ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಹತ್ತುತ್ತದೆ. ಕಟ್ಟಿಸಿದವನು ಅಬ್ದುಲ್ ಹುಸೇನ್ ಪೀರಭಾಯ್. 1904ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಓಡಿತು. ಕಾಗೆ ಹಾರಿದರೆ ಕೂಗಳತೆ ಅನ್ನಿಸುವ ದೂರವನ್ನು ಈ ಹಳಿ ಬೆಟ್ಟದ ಮೈ ತಬ್ಬಿಕೊಂಡು ಸುಮಾರು 20 ಕಿಲೋಮೀಟರ್ ಮಾಡುತ್ತದೆ. ಎರಡು ಗಂಟೆಯ ಮೇಲಾಗುತ್ತದೆ. ಅವಸರವಿದ್ದವರು ಶೇರ್ ಟ್ಯಾಕ್ಸಿಯಲ್ಲಿ ಮಾಥೇರಾನ್ ಅಂಚಿನ ದಸ್ತುರಿ ನಾಕಾಕ್ಕೆ ಹೋಗಬಹುದು. 2005ರ ಜುಲೈ ಮಳೆಗೆ ಕಿತ್ತುಹೋದ ಹಳಿ 2007ರಲ್ಲಿ ಸರಿಯಾಯಿತು. 2019ರಲ್ಲಿ ಮತ್ತೆ ಕೊಚ್ಚಿಹೋಗಿ ನೇರಳ್‌ನಿಂದ ಪೂರ್ತಿ ಓಡಾಟ ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ. ಮಳೆಗಾಲದಲ್ಲಿ ನೇರಳ್ ಕಡೆಯ ಓಡಾಟ ನಿಲ್ಲಿಸಿ, ಮೇಲಿನ ಅಮನ್ ಲಾಜ್–ಮಾಥೇರಾನ್ ನಡುವೆ ಮಾತ್ರ ಓಡಿಸುವುದು ವಾಡಿಕೆ. ಆದ್ದರಿಂದ ಹೊರಡುವ ಮುನ್ನ ವಿಚಾರಿಸಿ.

ಮಾಥೇರಾನ್ ಎಂದರೆ ತಲೆಯ ಮೇಲಿನ ಕಾಡು. ಎತ್ತರ ಸುಮಾರು 800 ಮೀಟರ್. ಇದನ್ನು ‘ಕಂಡುಹಿಡಿದವನು’ 1850ರಲ್ಲಿ ಥಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ ಎಂದು ಎಲ್ಲ ಪುಸ್ತಕಗಳೂ ಬರೆಯುತ್ತವೆ. ಕಾಡಿನೊಳಗೇ ಬದುಕಿದ್ದ ಜನಕ್ಕೆ ಅದು ಕಳೆದುಹೋಗಿರಲಿಲ್ಲ ಎನ್ನಿ. ಮೋಟಾರು ವಾಹನಗಳಿಗೆ ದಸ್ತುರಿಯಿಂದಾಚೆ ಪ್ರವೇಶವಿಲ್ಲ. ಕೆಂಪು ಧೂಳಿನ ದಾರಿ, ಕುದುರೆ, ಮಂಗಗಳು, ಮರದ ಕೆಳಗೆ ನೆರಳು. ಹಾರನ್ನು ಇಲ್ಲದ ಊರು ಹೇಗಿರುತ್ತದೆ ಎಂಬುದು ಥಾಣೆಯ ಗೋಖಲೆ ರೋಡಿನ ಮೇಲೆ ಮನೆ ಮಾಡಿದವರಿಗೆ ಮರೆತೇ ಹೋಗಿರುತ್ತದೆ. ಮೊದಲ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ನಿಶ್ಶಬ್ದ. ಒಂದೇ ಕಸಿವಿಸಿ ಇದ್ದದ್ದು ಮನುಷ್ಯರು ಮನುಷ್ಯರನ್ನು ಕೂರಿಸಿ ಎಳೆಯುವ ಕೈರಿಕ್ಷಾ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಆರು ತಿಂಗಳಲ್ಲಿ ನಿಲ್ಲಿಸಿ, ಎಳೆಯುವವರಿಗೇ ಇ–ರಿಕ್ಷಾ ಕೊಡಿ ಎಂದು ಹೇಳಿತು.

ಬೆಳಗಿನ ಜಾವ ಪನೋರಮಾ ಪಾಯಿಂಟಿಗೆ ಹೋಗಿ. ಚಿಕ್ಕಿ ಅಂಗಡಿಗಳು ತೆರೆದಿರುವುದಿಲ್ಲ, ಜನ ಕಡಿಮೆ. ಕೆಳಗೆ ಮಂಜು ಕರಗಿದ ಹಾಗೆ ನೇರಳ್, ಗದ್ದೆಗಳು, ನಡುವೆ ಬೆಳ್ಳಿಯ ಎಳೆಯಂತೆ ಹೊಳೆ, ಆ ಎಳೆಗೆ ಜೊತೆಯಾಗಿ ರೈಲಿನ ಹಳಿ ಕಾಣುತ್ತವೆ. ನಾನು ನಿಂತಾಗ ಆಟಿಕೆಯಂಥ ರೈಲೊಂದು ಹರಿದುಹೋಗುತ್ತಿತ್ತು. ಇಷ್ಟು ವರ್ಷ ನಾನು ಅದರೊಳಗೆ ಕೂತು ಮೇಲೆ ನೋಡುತ್ತಿದ್ದೆ.

ಕರ್ಜತ್‌ನಲ್ಲಿ ಕೊನೆಗೂ ಇಳಿದದ್ದು ಡಿಸೆಂಬರಿನಲ್ಲಿ. ರಿಕ್ಷಾ ಮಾಡಿಕೊಂಡು ಕೊಂಡಿವಡೆ ಹಳ್ಳಿಗೆ ಹೋಗಿ, ಅಲ್ಲಿಂದ ಕಾಡಿನ ದಾರಿಯಲ್ಲಿ ಏರಿದರೆ ಕೊಂಡಾಣೆ ಗುಹೆಗಳು. ಕ್ರಿಸ್ತಪೂರ್ವ ಮೊದಲ ಶತಮಾನದ ಆಸುಪಾಸಿನ ಬೌದ್ಧ ಗುಹೆಗಳು, ಒಟ್ಟು ಹದಿನಾರು. ದೊಡ್ಡ ಚೈತ್ಯದ ಕಮಾನು ಕೆಳಗಿನಿಂದ ನೋಡುವಾಗ ಕಲ್ಲು ಎಂದು ನಂಬಿಕೆ ಬರುವುದಿಲ್ಲ. ಮರಗೆಲಸದವನು ತೊಲೆ, ಜಂತಿ, ಜಾಲರಿ ಜೋಡಿಸಿದ ಹಾಗೆ ಬಂಡೆಯನ್ನೇ ಕಡಿದಿದ್ದಾರೆ. ಮರದಲ್ಲಿ ಕಟ್ಟಿ ಅಭ್ಯಾಸವಿದ್ದ ಕೈ ಕಲ್ಲಿಗೆ ಬಂದಾಗ ಹೀಗಾಗುತ್ತದೆ. ಮೇಲೆ ನರ್ತಿಸುವ ಜೋಡಿಗಳ ಸಾಲು. ಪಕ್ಕದಲ್ಲಿ ಒಡೆದುಹೋದ ಯಕ್ಷನ ಮುಖ, ಅದರ ಹತ್ತಿರ ಬ್ರಾಹ್ಮಿಯಲ್ಲಿ ಒಂದು ಸಾಲು: ಕಣ್ಹನ ಶಿಷ್ಯ ಬಲಕ ಮಾಡಿದ್ದು ಎಂಬ ಅರ್ಥದ್ದು. ರಾಜನ ಹೆಸರಿಲ್ಲ, ದಾನಿಯ ಹೊಗಳಿಕೆಯಿಲ್ಲ. ಕೆಲಸ ಮಾಡಿದವನು ಗುರುವಿನ ಹೆಸರು ಹೇಳಿ ತನ್ನದನ್ನು ಸೇರಿಸಿದ್ದಾನೆ, ಅಷ್ಟೇ. ಇಲ್ಲಿ ಟಿಕೆಟ್ಟಿಲ್ಲ, ಗಾಜಿಲ್ಲ, ಪ್ರತಿಕೃತಿಯಿಲ್ಲ. ಮೂಲವೇ ಇದೆ, ಬಾವಲಿಗಳ ಜೊತೆ. ಲಾಸ್ಕೋ ನೋಡಲು ಹೋಗಿ ನಕಲು ನೋಡಿ ಬಂದ ಅಳಿಯನಿಗೆ ಇದನ್ನು ಸ್ವಲ್ಪ ಗತ್ತಿನಿಂದಲೇ ಹೇಳಿದೆ.

ಇದೇ ದಾರಿ ಮುಂದಕ್ಕೆ ರಾಜಮಾಚಿಗೆ ಏರುತ್ತದೆ. ಶ್ರೀವರ್ಧನ, ಮನರಂಜನ ಎಂದು ಜೋಡಿ ಕೋಟೆ, ನಡುವೆ ಉಧೇವಾಡಿ ಎಂಬ ಹಳ್ಳಿ. ಹಳ್ಳಿಯ ಮನೆಗಳಲ್ಲಿ ರಾತ್ರಿ ಉಳಿಯಬಹುದು, ಕಡಲೆಹಿಟ್ಟಿನ ಪಿಠಲಾ ಮತ್ತು ಅಕ್ಕಿಯ ಭಾಕ್ರಿ ಹಾಕುತ್ತಾರೆ. ಜೋಳದ ರೊಟ್ಟಿಯ ಬಾಯಿಗೆ ಅದು ತುಸು ಮೆತ್ತಗೆ. ಮೇ ಕೊನೆಯಿಂದ ಮಳೆ ಗಟ್ಟಿಯಾಗುವವರೆಗೆ ಇಲ್ಲಿ ಮಿಂಚುಹುಳುಗಳ ಕಾಲ. ಇಡೀ ಮರ ಒಮ್ಮೆಲೇ ಹೊತ್ತಿ ಆರುತ್ತದೆ. ಬೆಳಕು ಅವುಗಳ ಮಾತು, ಗಂಡು ಹೆಣ್ಣನ್ನು ಕರೆಯುವ ಬಗೆ. ಮೊಬೈಲ್ ಟಾರ್ಚ್ ಹಚ್ಚಿದವನು ಆ ಮಾತಿನ ನಡುವೆ ಕಿರುಚಿದಂತೆ. ವಾರಾಂತ್ಯದಲ್ಲಿ ಅಂಥ ಕಿರುಚುವವರು ಸಾವಿರ. ವಾರದ ನಡುವೆ ಹೋಗಲು ರಜೆ ಸಿಗದಿದ್ದರೆ ಹೋಗದಿರುವುದೇ ಮೇಲು ಎನ್ನುತ್ತೇನೆ.

ಕೋಟೆಯ ಮೇಲೆ ನಿಂತರೆ ಘಟ್ಟದ ರೈಲುದಾರಿಯ ಸುರಂಗಗಳು ಕಾಣುತ್ತವೆ. 1863ರಲ್ಲಿ ತೆರೆದ ಈ ದಾರಿಯ ಗುತ್ತಿಗೆಯನ್ನು 1859ರಲ್ಲಿ ಸಾಲಮನ್ ಟ್ರೆಡ್‌ವೆಲ್ ಎಂಬ ಇಂಗ್ಲೆಂಡಿನವನು ಹಿಡಿದ. ಬಂದ ಕೆಲವೇ ವಾರಗಳಲ್ಲಿ ಕಾಯಿಲೆ ಬಿದ್ದು ಸತ್ತ. ಹೆಂಡತಿ ಆಲಿಸ್ ಹಿಂದಿರುಗದೆ ಗುತ್ತಿಗೆಯನ್ನು ತನ್ನ ಹೆಸರಿಗೆ ಮಾಡಿಕೊಂಡು, ಎಂಜಿನಿಯರುಗಳನ್ನಿಟ್ಟು ಕೆಲಸ ಮುಗಿಸಿದಳು. ಕಾಲರಾಗೆ, ಬಂಡೆ ಸಿಡಿತಕ್ಕೆ ಸತ್ತ ಸಾವಿರಾರು ಕೂಲಿಗಳ ಹೆಸರು ಬಲಕನ ಹಾಗೆ ಎಲ್ಲೂ ಕೆತ್ತಿಲ್ಲ.

ಈಗ ನಾನು ಬರೆಯಲು ಕೂತ ಮುಖ್ಯ ಸಂಗತಿಗೆ ಬರುತ್ತೇನೆ. ಅದು ಪ್ರವಾಸಿಗರು ನೋಡುವ ವಸ್ತುವೇ ಅಲ್ಲ. ಕರ್ಜತ್‌ನ ಪೂರ್ವಕ್ಕೆ, ಬೆಟ್ಟದ ಮೈಮೇಲೆ ದಪ್ಪ ಕೊಳವೆಗಳು ನೇರ ಕೆಳಗಿಳಿದಿವೆ. ಅದು 1922ರಲ್ಲಿ ಶುರುವಾದ ಟಾಟಾದವರ ಭಿವಪುರಿ ಜಲವಿದ್ಯುತ್ ಕೇಂದ್ರ. (ಭಿವಪುರಿ ರೋಡ್ ಸ್ಟೇಷನ್ ಬೇರೆ ಕಡೆ, ಅಲ್ಲಿಳಿದು ಹುಡುಕಬೇಡಿ.) ಬೇಸಿಗೆಯಲ್ಲಿ ಕೊಂಕಣದ ಹೊಳೆಗಳು ಕಲ್ಲು ಬಿಟ್ಟು ಬತ್ತುವಾಗ ಉಲ್ಹಾಸ ಮಾತ್ರ ಹರಿಯುತ್ತಿರುತ್ತದೆ. ಯಾಕೆಂದರೆ ಈ ಕೊಳವೆಗಳಿಂದ ಟರ್ಬೈನು ತಿರುಗಿಸಿದ ನೀರು ಹೊಳೆಗೆ ಬೀಳುತ್ತದೆ. ಆ ನೀರು ಇಲ್ಲಿಯದಲ್ಲ. ಘಟ್ಟದ ಮೇಲೆ, ಆಚೆ ಮಗ್ಗುಲಲ್ಲಿ, ಆಂಧ್ರಾ ಎಂಬ ನದಿಗೆ ಠೋಕರವಾಡಿಯಲ್ಲಿ ಅಣೆಕಟ್ಟು ಹಾಕಿ ನಿಲ್ಲಿಸಿದ್ದು. ಆಂಧ್ರಾ ಪೂರ್ವಕ್ಕೆ ಹರಿಯಬೇಕಾದ ನದಿ. ಅದು ಸೇರುವುದು ಇಂದ್ರಾಯಣಿಯನ್ನು. ಇಂದ್ರಾಯಣಿ ದೇಹು, ಆಳಂದಿ ದಾಟಿ ಭೀಮೆಗೆ. ಭೀಮೆ ಪಂಢರಪುರ ದಾಟಿ ನಮ್ಮ ಅಫಜಲಪುರಕ್ಕೆ, ಗಾಣಗಾಪುರಕ್ಕೆ, ಆಮೇಲೆ ಕೃಷ್ಣೆಗೆ. ತುಕಾರಾಮ, ಜ್ಞಾನೇಶ್ವರ, ವಿಠೋಬಾ, ದತ್ತ ಎಲ್ಲರ ಪಾದ ತೊಳೆದು ಬಂಗಾಳ ಕೊಲ್ಲಿಗೆ ಹೋಗಬೇಕಾಗಿದ್ದ ನೀರು ಸುರಂಗ ಹೊಕ್ಕು, ಪಶ್ಚಿಮಕ್ಕೆ ಧುಮುಕಿ, ಕರೆಂಟು ಕೊಟ್ಟು, ಅರಬ್ಬಿ ಸಮುದ್ರಕ್ಕೆ ಹೊರಟಿದೆ. ನೂರು ವರ್ಷದಿಂದ. ಕೃಷ್ಣಾ ನ್ಯಾಯಮಂಡಳಿ ಇದಕ್ಕೊಂದು ಮಿತಿ ಹಾಕಿದೆ, ನಿಲ್ಲಿಸಿಲ್ಲ. ದಕ್ಷಿಣಕ್ಕಿರುವ ಕೋಲಾಡ್‌ನ ಕುಂಡಲಿಕಾ ನದಿಯಲ್ಲಿ ಬೇಸಿಗೆಯಲ್ಲೂ ರಾಫ್ಟಿಂಗ್ ನಡೆಯುವುದು ಇದೇ ಗುಟ್ಟಿನಿಂದ. ಅಲ್ಲಿಗೆ ಬೀಳುವುದು ಮುಳಶಿ ಅಣೆಕಟ್ಟಿನ ನೀರು, ಅದೂ ಭೀಮೆಯ ಬಳಗದ್ದೇ.

ನಮ್ಮೂರು ಭೀಮೆಯ ದಂಡೆ. ಬೇಸಿಗೆಯಲ್ಲಿ ಹೊಳೆಯ ಮರಳು ಕಾಯ್ದು, ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಡಿಸಿ ಎಂದು ಅಫಜಲಪುರದಲ್ಲಿ ಜನ ಧರಣಿ ಕೂತದ್ದು ಬಹಳ ಹಿಂದಿನ ಮಾತಲ್ಲ. ಕಳೆದ ಏಪ್ರಿಲ್‌ನಲ್ಲಿ ಅವ್ವನನ್ನು ಕರ್ಜತ್‌ಗೆ ಕರೆದುಕೊಂಡು ಹೋದೆ. ಉಲ್ಹಾಸದ ಸೇತುವೆಯ ಬಳಿ ರಿಕ್ಷಾ ನಿಲ್ಲಿಸಿ, ಮೊಣಕಾಲುದ್ದದ ನೀರು ಕಲ್ಲಿನ ನಡುವೆ ಹರಿಯುವುದನ್ನು ತೋರಿಸಿ, ಈ ಕೊಳವೆಯ ಕತೆ ಹೇಳಿದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು.

‘ಅಂದ್ರ ಇದು ನಮ್ಮ ಹೊಳಿ ನೀರೇನು, ತಮ್ಮಾ?’

‘ಒಂದಿಷ್ಟು ಹೌದವ್ವ.’

‘ಇಲ್ಲಿಗ್ಯಾಕ ಬಂತು?’

‘ಕೆಲಸಕ್ಕ.’

ಅವ್ವ ನಕ್ಕಳು. ಸೀರೆ ಎತ್ತಿ ಹಿಡಿದು, ನನ್ನ ಭುಜ ಹಿಡಿದು ನೀರಿಗಿಳಿದಳು. ಬೊಗಸೆ ತುಂಬಿ ಮುಖಕ್ಕೆ ಹಾಕಿಕೊಂಡು, ತಲೆಗೆ ಪ್ರೋಕ್ಷಿಸಿಕೊಂಡು, ಗಾಣಗಾಪುರದ ಸಂಗಮದಲ್ಲಿ ಹೇಳುವ ದತ್ತನ ಹೆಸರನ್ನೇ ಹೇಳಿದಳು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಮರಾಠಿಯಲ್ಲಿ ಆಜಿ ಎಲ್ಲಿಯವರು ಎಂದು ಕೇಳಿದಳು. ಅವ್ವನಿಗೆ ಮರಾಠಿ ತಿಳಿಯುತ್ತದೆ, ಆಡಲು ಬರುವುದಿಲ್ಲ. ಕೈಯಿಂದ ನೀರನ್ನು ತೋರಿಸಿ, ಆಮೇಲೆ ಬೆಟ್ಟವನ್ನು ತೋರಿಸಿದಳು.

ಸಂಜೆ ಕರ್ಜತ್‌ನಿಂದ ಲೋಕಲ್ ಹತ್ತಿದೆವು. ಖಾಲಿ ಡಬ್ಬಿ, ಅವ್ವನಿಗೆ ಕಿಟಕಿ. ಥಾಣೆಗೆ ಬರುವ ನೀರಿನಲ್ಲಿ ದೊಡ್ಡ ಪಾಲು ಭಾತ್ಸಾ ನದಿಯದು, ಇನ್ನೊಂದು ಪಾಲನ್ನು ಶಹಾಡ್ ಹತ್ತಿರ ಉಲ್ಹಾಸದಿಂದಲೇ ಎತ್ತಿ ಶುದ್ಧ ಮಾಡಿ ಕಳಿಸುತ್ತಾರೆ ಎಂದು ದಾರಿಯಲ್ಲಿ ಮಾತಿಗೆ ಹೇಳಿದ್ದೆ. ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿತು. ಇಷ್ಟು ವರ್ಷ ನೌಪಾಡಾಕ್ಕೆ ಬಂದಾಗಲೆಲ್ಲ ‘ಈ ಊರ ನೀರ ಸಪ್ಪಗ’ ಎನ್ನುತ್ತಿದ್ದವಳು ಒಂದು ಲೋಟ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಚಹಾಕ್ಕೆ ಇಡಲೇನು ಎಂದು ಕೇಳಿದಳು.